ಗೆಳೆಯರೆಲ್ಲ ಆಡುತ್ತಾರೆ, ನನ್ನ ಹತ್ತಿರ ಫೋನ್ ಮಾತ್ರ

ಪ್ರಶ್ನೆ: ನನಗೆ 19 ವರ್ಷ. ಮಂಗಳೂರಿನ ಕಾವೂರು ಕಡೆಯವನು, ಬಿ.ಕಾಂ. ಓದುತ್ತಿದ್ದೇನೆ. ಹೈಸ್ಕೂಲಿನಿಂದ ನಾವು ನಾಲ್ವರು ಒಟ್ಟಿಗೆ. ಲಾಕ್‌ಡೌನ್‌ನಲ್ಲಿ ನಾಲ್ವರೂ ಫೋನಿನಲ್ಲೇ ಪಬ್‌ಜಿ ಆಡಿದವರು. ಈಗ ಒಬ್ಬ ದುಬೈಯಲ್ಲಿದ್ದಾನೆ, ಅವನ ಹತ್ತಿರ ಪ್ಲೇಸ್ಟೇಷನ್ 5 (ಪಿಎಸ್5) ಉಂಟು. ಇನ್ನಿಬ್ಬರು ಬೆಂಗಳೂರಿನಲ್ಲಿ, ಇಬ್ಬರ ಹತ್ತಿರವೂ ಗೇಮಿಂಗ್ ಲ್ಯಾಪ್‌ಟಾಪ್. ಮೂವರೂ ರಾತ್ರಿ ರಾಕೆಟ್ ಲೀಗ್ ಆಡುತ್ತಾರೆ. ಅದು ಫೋನಿನಲ್ಲಿ ಬರುವುದಿಲ್ಲ. ಕರೆದರೆ ಪರೀಕ್ಷೆ ಇದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಮರುದಿನ ಗ್ರೂಪಿನಲ್ಲಿ ಅವರ ತಮಾಷೆ ನನಗೆ ಅರ್ಥವಾಗುವುದಿಲ್ಲ. ಅಪ್ಪ ದಕ್ಕೆಯಲ್ಲಿ ಮೀನುಗಾರಿಕೆ ಬೋಟಿನ ಕೆಲಸಕ್ಕೆ ಹೋಗುತ್ತಾರೆ. ಕಂತಿನಲ್ಲಿ ಲ್ಯಾಪ್‌ಟಾಪ್ ತೆಗೆಸಿಕೊಡಿ ಎಂದು ಕೇಳಲೇ? ಪರಿಚಯದವನೊಬ್ಬ, ಆ್ಯಪ್‌ನಲ್ಲಿ ದುಡ್ಡಿಟ್ಟು ಆಡಿದರೆ ಬೇಗ ಹಣವಾಗುತ್ತದೆ ಎನ್ನುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ನಿದ್ದೆ ಬರುವುದಿಲ್ಲ ಎನ್ನಲು ನಾಚಿಕೆ.

ಉತ್ತರ: ನಿದ್ದೆ ಕೆಡಿಸುವ ವಿಷಯವನ್ನು ಸಣ್ಣದು ಎಂದು ನಾನು ಹೇಳಲಾರೆ. ಹುಡುಗಾಟದ ದಿನಗಳಿಂದ ಜೊತೆಗಿದ್ದ ಮೂವರು ನೀವಿಲ್ಲದೆ ನಕ್ಕದ್ದನ್ನು ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಓದಿ ತಿಳಿಯುವುದು ನೋವಿನ ಸಂಗತಿಯೇ. ಅದರಲ್ಲೂ ನಿಮ್ಮ ಮಧ್ಯೆ ಜಗಳವಾಗಿಲ್ಲ, ಯಾರೂ ನಿಮ್ಮನ್ನು ದೂರ ಮಾಡಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ತಪ್ಪಿತಸ್ಥರೇ ಇಲ್ಲ. ಇಂಥ ನೋವಿಗೆ ಹೊರಗೆ ದಾರಿ ಸಿಗದಾಗ ಅದು ಒಳಕ್ಕೆ ತಿರುಗಿ ‘ನಾನೇ ಕಡಿಮೆ’ ಎನ್ನತೊಡಗುತ್ತದೆ. ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕೇಳಿಸಿದ್ದು ಆ ಮಾತು.

ಓದು, ಕೆಲಸ ಎಂದು ಒಂದೇ ಬೆಂಚಿನವರು ದುಬೈ, ಮಸ್ಕತ್, ಬೆಂಗಳೂರಿಗೆ ಚದುರಿಹೋಗುವುದನ್ನು ಮಂಗಳೂರಿನ ಮನೆಗಳು ತಲೆಮಾರುಗಳಿಂದ ನೋಡಿವೆ. ಹೋದವರ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಊರಲ್ಲಿ ಉಳಿದವರ ಬೇಸರವನ್ನು ಕೇಳುವವರು ಕಡಿಮೆ. ಹೋದವರಿಗೆ ಹೊಸ ಜಾಗ, ಹೊಸ ಮುಖ. ಉಳಿದವರಿಗೆ ಅದೇ ಬಸ್ ಸ್ಟಾಪು, ಅದೇ ಮೈದಾನ, ಜೊತೆಗಾರರು ಮಾತ್ರ ಇಲ್ಲ. ನಿಮಗೆ ಆ ಬೇಸರ ಆಟದ ರೂಪದಲ್ಲಿ ಬಂದಿದೆ, ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದ್ದು ನಿಮಗೆ ನೆನಪಿರಬೇಕು. ಅಂದು ಆಟ ಹೋಯಿತು, ನೀವು ನಾಲ್ವರು ಉಳಿದಿರಿ. ನಿಮ್ಮನ್ನು ಹಿಡಿದಿಟ್ಟದ್ದು ಆ ಆಟವೊಂದೇ ಆಗಿದ್ದರೆ ಗುಂಪು ಅಂದೇ ಒಡೆಯಬೇಕಿತ್ತು.

ಈಗ ನಡುವೆ ಬಂದಿರುವ ಗೋಡೆಯ ವಿಷಯಕ್ಕೆ ಬರೋಣ. ಯಾವ ಯಂತ್ರದವರು ಯಾರ ಜೊತೆ ಆಡಬಹುದು ಎಂದು ತೀರ್ಮಾನಿಸುವುದು ಕಂಪನಿಗಳು. 2018ರ ಸೆಪ್ಟೆಂಬರ್‌ವರೆಗೆ ಪ್ಲೇಸ್ಟೇಷನ್ 4 ಇದ್ದವನು ಎಕ್ಸ್‌ಬಾಕ್ಸ್ ಇದ್ದ ಪಕ್ಕದ ಮನೆಯ ಗೆಳೆಯನ ಜೊತೆ ಫೋರ್ಟ್‌ನೈಟ್ ಆಡುವಂತಿರಲಿಲ್ಲ. ಇಬ್ಬರ ಬಳಿಯೂ ದುಬಾರಿ ಯಂತ್ರವಿತ್ತು, ಆಟವೂ ಒಂದೇ, ಆದರೂ ಸೇರಲು ಬಿಡಲಿಲ್ಲ. ಆಟಗಾರರು ಒತ್ತಾಯಿಸಿ ಒತ್ತಾಯಿಸಿ ಕೊನೆಗೆ ಪ್ಲೇಸ್ಟೇಷನ್ ತಯಾರಿಸುವ ಸೋನಿ ಒಪ್ಪಿತು. ಕೆಲವು ಆಟಗಳಲ್ಲಿ ನ್ಯಾಯದ ಪ್ರಶ್ನೆಯೂ ಇದೆ: ಬೆರಳಿನಿಂದ ಪರದೆ ಒತ್ತಿ ಗುರಿ ಹಿಡಿಯುವವನನ್ನು ಮೌಸ್ ಹಿಡಿದವನ ಎದುರು ನಿಲ್ಲಿಸಿದರೆ ಸಮಬಲದ ಆಟವಾಗುವುದಿಲ್ಲ. ರಾಕೆಟ್ ಲೀಗ್ ಕಂಪ್ಯೂಟರಿನವರನ್ನೂ ಪ್ಲೇಸ್ಟೇಷನ್‌ನವರನ್ನೂ ಸೇರಿಸುತ್ತದೆ, ಫೋನಿನವರನ್ನು ಸೇರಿಸುವುದಿಲ್ಲ. ಈ ಗೋಡೆಯನ್ನು ನಿಮ್ಮ ಗೆಳೆಯರು ಕಟ್ಟಿದ್ದಲ್ಲ. ನಿಮ್ಮ ಯೋಗ್ಯತೆಯನ್ನು ಅಳೆಯುವ ಶಕ್ತಿಯೂ ಅದಕ್ಕಿಲ್ಲ.

ಒಂದು ಮಾತನ್ನು ಮಾತ್ರ ನೇರವಾಗಿ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನೀವು ‘ಪರೀಕ್ಷೆ ಇದೆ’ ಎಂದಿರಿ. ಅವರು ಅದನ್ನು ನಂಬಿದರು. ನಿಮ್ಮನ್ನು ಬಿಟ್ಟು ಆಡುತ್ತಿದ್ದೇವೆ ಎಂದು ಅವರಿಗೆ ಅನಿಸಿಯೇ ಇಲ್ಲ, ನೀವು ಓದುತ್ತಿದ್ದೀರಿ ಎಂದುಕೊಂಡಿದ್ದಾರೆ. ನಿಮಗಾಗಿ ಆಟ ಬದಲಿಸುವ ಅವಕಾಶವನ್ನು ಅವರಿಗೆ ನೀವು ಇನ್ನೂ ಕೊಟ್ಟಿಲ್ಲ. ನಾಚಿಕೆಯಿಂದ ಹೇಳಿದ ಸುಳ್ಳು ಇದು, ಕೆಡುಕಿನದ್ದಲ್ಲ. ಆದರೆ ದಿನ ಕಳೆದಂತೆ ಅದರ ಭಾರ ಹೊರುವವರು ನೀವೊಬ್ಬರೇ.

ಮೂವರಲ್ಲಿ ನಿಮಗೆ ಹೆಚ್ಚು ಹತ್ತಿರದವನಿಗೆ ಮೊದಲು ಹೇಳಿ, ಗ್ರೂಪಿನಲ್ಲಿ ಆಮೇಲೆ. ಮಾತು ತುಂಬಾ ಬೇಡ: ‘ಮಾರಾಯ, ಪರೀಕ್ಷೆ ಏನೂ ಇಲ್ಲ. ನನ್ನ ಹತ್ತಿರ ಫೋನ್ ಮಾತ್ರ ಇರುವುದು, ಲ್ಯಾಪ್‌ಟಾಪ್ ಸದ್ಯಕ್ಕೆ ಆಗ್ಲಿಕ್ಕಿಲ್ಲ. ವಾರಕ್ಕೊಂದು ದಿನ ಫೋನಿಗೂ ಬರುವ ಗೇಮ್ ಆಡುವನಾ?’ ನೀವು ನಿಮ್ಮೊಳಗೆ ತುಳು ಮಾತಾಡುವವರಾದರೆ ತುಳುವಿನಲ್ಲೇ ಹೇಳಿ, ಇಂಥ ಮಾತು ಮನೆಭಾಷೆಯಲ್ಲಿ ಹಗುರವಾಗಿ ಬರುತ್ತದೆ. ದುಬೈಯ ಗೆಳೆಯ ಖುಷಿಪಟ್ಟರೆ ಆಶ್ಚರ್ಯಪಡಬೇಡಿ. ಹೊರದೇಶದಲ್ಲಿರುವ ಎಷ್ಟೋ ಹುಡುಗರು ಆಟಕ್ಕೆ ಕೂರುವುದು ಊರಿನ ಮಾತು ಕಿವಿಗೆ ಬೀಳಲಿ ಎಂದೇ.

ಫೋನು, ಕಂಪ್ಯೂಟರು, ಪ್ಲೇಸ್ಟೇಷನ್ ಮೂರನ್ನೂ ಒಂದೇ ಕಡೆ ಕೂರಿಸುವ ಆಟಗಳು ಈಗ ಬೇಕಾದಷ್ಟಿವೆ. ಮೈನ್‌ಕ್ರಾಫ್ಟ್ ನಿಮಗೆ ಹಿಡಿಸಬಹುದು: ನಾಲ್ವರು ಸೇರಿ ಒಂದೂರು ಕಟ್ಟಬಹುದು, ಸೋಲು ಗೆಲುವಿನ ಒತ್ತಡ ಕಡಿಮೆ. ಲ್ಯಾಪ್‌ಟಾಪಿನವರು ಜಾವಾ ಆವೃತ್ತಿ ಬಿಟ್ಟು ಬೆಡ್‌ರಾಕ್ ಆವೃತ್ತಿಗೆ ಬರಬೇಕು, ಇಲ್ಲದಿದ್ದರೆ ಫೋನಿನ ಜೊತೆ ಸೇರುವುದಿಲ್ಲ. ಆಟವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಪಿಎಸ್5ನವನಿಗೆ ಆನ್‌ಲೈನ್ ಆಡಲು ಚಂದಾ ಬೇಕಾಗಬಹುದು, ಮೊದಲೇ ವಿಚಾರಿಸಿಕೊಳ್ಳಿ. ಅಮಾಂಗ್ ಅಸ್ ಫೋನಿನಲ್ಲಿ ಉಚಿತ. ನಾಲ್ಕೇ ಜನ ಆಡಿದರೆ ಸಪ್ಪೆ, ತಮ್ಮ ತಂಗಿಯರನ್ನು ಕರೆದುಕೊಳ್ಳಿ. ರೋಬ್ಲಾಕ್ಸ್ ಕೂಡ ಮೂರರಲ್ಲೂ ನಡೆಯುತ್ತದೆ. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಮುಗಿಸುವ ಹೊತ್ತನ್ನು ಮೊದಲೇ ಹೇಳಿಬಿಡಿ. ಅವನ ಹತ್ತು ಗಂಟೆ ನಿಮ್ಮ ಹನ್ನೊಂದೂವರೆ. ಉಳಿದ ದಿನ ಅವರು ರಾಕೆಟ್ ಲೀಗ್ ಆಡಲಿ, ಅದನ್ನು ಬಿಡಿಸಲು ಹೋಗಬೇಡಿ. ಮನಸ್ಸಾದರೆ ಫೋನಿನಿಂದಲೇ ಡಿಸ್ಕಾರ್ಡ್‌ನ ಧ್ವನಿ ಕೋಣೆಗೆ ಬಂದು ಅರ್ಧ ಗಂಟೆ ಹರಟೆ ಹೊಡೆಯಿರಿ. ಮರುದಿನದ ತಮಾಷೆ ಆಗ ನಿಮ್ಮದೂ ಆಗುತ್ತದೆ.

ಲ್ಯಾಪ್‌ಟಾಪನ್ನು ಕಂತಿನಲ್ಲಿ ತೆಗೆಸಿಕೊಡಿ ಎಂದು ಅಪ್ಪನನ್ನು ಕೇಳಬೇಡಿ ಎಂಬುದು ನನ್ನ ಸಲಹೆ. ಆಸೆ ತಪ್ಪಲ್ಲ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಕಂತು ಆ ಎರಡು ತಿಂಗಳೂ ಬಂದೇ ಬರುತ್ತದೆ. ಇದು ನಿಮಗೆ ಗೊತ್ತು, ಅದಕ್ಕೇ ಕೇಳಲು ಬಾಯಿ ಬರುತ್ತಿಲ್ಲ. ಆ ತಡವರಿಕೆಯಲ್ಲಿ ಅಪ್ಪನ ಮೇಲಿನ ಪ್ರೀತಿ ಇದೆ, ಅದನ್ನು ನಂಬಿ. ಓದಿಗೆ ಕಂಪ್ಯೂಟರ್ ಬೇಕಾದರೆ ಅದು ಬೇರೆ ಮಾತು, ಅದನ್ನು ಬೇರೆಯಾಗಿಯೇ ಕೇಳಿ. ಗೇಮಿಂಗ್ ಯಂತ್ರ ನಿಮ್ಮ ಮೊದಲ ಸಂಬಳಕ್ಕೆ ಕಾಯಲಿ.

ದುಡ್ಡಿಟ್ಟು ಆಡುವ ಆ್ಯಪ್ ಮಾತ್ರ ಬೇಡ, ಖಂಡಿತ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಗೆಳೆಯರು ಮನರಂಜನೆಗೆ ಆಡುವ ಆಟಗಳಿಗೆ ಅದರಿಂದ ತೊಂದರೆಯಿಲ್ಲ. ಹಣ ಈಗಾಗಲೇ ಹೋಗಿದ್ದು ಮೋಸ ಎಂದು ಅನಿಸಿದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅಪ್ಪನಿಗೆ ಗೊತ್ತಾದೀತೆಂಬ ಹೆದರಿಕೆಯಲ್ಲಿ ಇನ್ನಷ್ಟು ಕಳೆದುಕೊಳ್ಳಬೇಡಿ.

ಈ ಪುಟ ಓದುವ ತಂದೆತಾಯಂದಿರೇ, 2021ರ ಏಪ್ರಿಲ್‌ನಲ್ಲಿ ಉಳ್ಳಾಲದ ಕಡೆ ಪಬ್‌ಜಿ ಜಗಳದಲ್ಲಿ ಬಾಲಕನೊಬ್ಬ ಜೀವ ಕಳೆದುಕೊಂಡ. ‘ಗೇಮ್’ ಎಂದರೆ ನಿಮ್ಮ ಎದೆ ನಡುಗುವುದು ಸಹಜ. ಆ ಭಯದಲ್ಲೇ ಫೋನ್ ಕಿತ್ತಿಟ್ಟರೆ ಮಗನ ಜೊತೆ ಮಾತೂ ನಿಂತುಹೋಗುತ್ತದೆ. ಯಾರ ಜೊತೆ ಆಡುತ್ತಾನೆ, ಅವರ ಹೆಸರೇನು, ಸೋತ ದಿನ ಹೇಗಿರುತ್ತಾನೆ ಎಂದು ಕೇಳಿ, ಒಂದು ದಿನ ಪಕ್ಕದಲ್ಲಿ ಕೂತು ನೋಡಿ.

ಮತ್ತೆ ನಿಮಗೆ. ಆಟ ಬಿಡಲಾಗದೆ ಓದು, ಊಟ, ಸಂಬಂಧಗಳು ಕೆಡುತ್ತಾ ಹೋಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಕ್ಲಿನಿಕ್ ಇದೆ. ನಿಮ್ಮ ಪತ್ರದಲ್ಲಿ ಅಂಥದ್ದು ನನಗೆ ಕಾಣಿಸಲಿಲ್ಲ. ನಿಮ್ಮ ನಿದ್ದೆಯ ಬಗ್ಗೆ ಕಾಳಜಿ ಇದೆ. ಗೆಳೆಯರಿಗೆ ಹೇಳಿದ ಮೇಲೂ ಎರಡು ವಾರ ನಿದ್ದೆ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಅಂದೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೇರ ಭೇಟಿ ಬೇಕೆನಿಸಿದರೆ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯ ಮನೋರೋಗ ವಿಭಾಗ ನಗರದ ಮಧ್ಯದಲ್ಲೇ ಇದೆ. ಗೇಮಿನ ವಿಷಯಕ್ಕೆ ಬಂದೆ ಎನ್ನಲು ಅಲ್ಲಿ ಸಂಕೋಚ ಬೇಡ, ನನಗೆ ಬರೆದ ಹಾಗೆಯೇ ಹೇಳಿ.