ಬಿಜ್ಜಳನಿಗೆ ಕೋಡಿಯಮಠ ಯಾಕೆ ಬೇಕಾಯ್ತು?

ಬನಶಂಕರಿಯಿಂದ ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಕುಂಬಳಗೋಡಿನ ಹತ್ತಿರ ಆಶೀರ್ವನಂ ಅಂತ ಒಂದು ಮಠ ಇದೆ. ಅಲ್ಲಿರುವವರು ಬೆನೆಡಿಕ್ಟೈನ್ ಸನ್ಯಾಸಿಗಳು. ಇಟಲಿಯ ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬರೆದ ನಿಯಮದಂತೆ ಪ್ರಾರ್ಥನೆ, ಓದು, ದುಡಿಮೆ ಅಂತ ದಿನವನ್ನು ಹಂಚಿಕೊಂಡು ಬದುಕುವವರು.

ಮಧ್ಯಯುಗದ ಯುರೋಪಿನಲ್ಲಿ ಇಂಥ ಮಠಗಳನ್ನು ಬೆಳೆಸಿದ್ದು ರಾಜರ ಭೂದಾನ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ದೊರೆ ಎಡ್ವರ್ಡ್ ದೊಡ್ಡ ಚರ್ಚ್ ಕಟ್ಟಿಸಿದ. 1065ರಲ್ಲಿ ಅದರ ಪ್ರತಿಷ್ಠೆಯಾಯಿತು. ಮರುವರ್ಷ ಹೊರಗಿನಿಂದ ಬಂದು ಇಂಗ್ಲೆಂಡ್ ಗೆದ್ದ ವಿಲಿಯಂ, ಪಟ್ಟ ಕಟ್ಟಿಸಿಕೊಳ್ಳೋಕೆ ಅದೇ ಚರ್ಚಿಗೆ ಬಂದ. ರಾಜ್ಯ ಹೊಸದು, ಮಾನ್ಯತೆ ಮಾತ್ರ ಹಳೇ ಜಾಗದಿಂದಲೇ ಸಿಗಬೇಕು.

ಇದೇ ಲೆಕ್ಕಾಚಾರ ನಮ್ಮ ನಾಡಿನಲ್ಲೂ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ್ದೇ ಕೋಡಿಯಮಠ, ಕಾಳಾಮುಖ ಶೈವರ ಮಠ. ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಅದು ಹೆಸರು ಮಾಡಿತ್ತು. ಆಮೇಲೆ ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಒಡೆಯರ ಗದ್ದುಗೆಯನ್ನೇ ಕಿತ್ತುಕೊಂಡ. ಬಸವಣ್ಣನವರ ಕಥೆಯಲ್ಲಿ ನಾವೆಲ್ಲ ಕೇಳಿರುವ ಬಿಜ್ಜಳನೇ ಈತ. 1162ರ ಶಾಸನದ ಪ್ರಕಾರ, ದಕ್ಷಿಣದ ಕಡೆ ಬಂದಾಗ ಈ ಮಠಕ್ಕೆ ದಾನ ಕೊಟ್ಟ. ಆಗ ಅಲ್ಲಿನ ಗುರು ವಾಮಶಕ್ತಿ.

ಆ ಶಾಸನ ಮಠವನ್ನು ಬಣ್ಣಿಸುವ ರೀತಿ ನೋಡಿ. ನಾಲ್ಕು ವೇದ, ಪಾಣಿನಿಯೂ ಶಾಕಟಾಯನನೂ ಸೇರಿದಂತೆ ಹಲವರ ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅದು ನೆಲೆ. ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಅಲ್ಲಿ ಊಟ. ರೋಗಿಗಳಿಗೆ ಔಷಧಿ. ಶೈವ ಮಠದಲ್ಲಿ ಬೌದ್ಧ ದರ್ಶನಕ್ಕೂ ಜಾಗ! ಎದುರಾಳಿಯನ್ನು ವಾದದಲ್ಲಿ ಗೆಲ್ಲಬೇಕಾದರೂ ಅವನ ಶಾಸ್ತ್ರ ಗೊತ್ತಿರಲೇಬೇಕಲ್ಲ.

ಆದರೆ ಇಷ್ಟು ಓದಿದ ಕೂಡಲೇ "ನಮ್ಮ ಆಕ್ಸ್‌ಫರ್ಡ್" ಅಂತ ಸ್ಟೇಟಸ್ ಹಾಕುವ ಮುಂಚೆ ಸ್ವಲ್ಪ ತಾಳೋಣ. ಇದು ದಾನಶಾಸನ. ಕೊಟ್ಟವರನ್ನೂ ಪಡೆದವರನ್ನೂ ಹೊಗಳುವುದು ಅದರ ಕೆಲಸ. ಎಷ್ಟು ವಿದ್ಯಾರ್ಥಿಗಳಿದ್ದರು, ಎಷ್ಟು ವರ್ಷ ಓದಿದರು ಅನ್ನೋದನ್ನು ಈ ಬಣ್ಣನೆಯಿಂದ ಎಳೆದು ತೆಗೆಯೋಕಾಗಲ್ಲ. ಒಂದು ಮಾತನ್ನಂತೂ ಧೈರ್ಯವಾಗಿ ಹೇಳಬಹುದು: ಮಠ ಅಂದರೆ ಪಾಠವೂ ಊಟವೂ ಔಷಧಿಯೂ ಇರಬೇಕು ಅನ್ನುವ ಆದರ್ಶ 12ನೇ ಶತಮಾನದ ಕನ್ನಡನಾಡಿನಲ್ಲಿತ್ತು, ಅದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಬೆಲೆಯೂ ಇತ್ತು.

ಬಿಜ್ಜಳನಿಗೆ ಏನು ಲಾಭ? ಗದ್ದುಗೆ ಕಿತ್ತುಕೊಂಡವನಿಗೆ, ಹಿಂದಿನ ದೊರೆಗಳು ಗೌರವಿಸಿದ ಗುರುವಿನ ಆಶೀರ್ವಾದ ಸಿಕ್ಕಿತು. ಮಠಕ್ಕೆ ಆದಾಯ ಉಳಿಯಿತು. ಕಳಚುರಿಗಳ ನಂತರ ಹೊಯ್ಸಳರ ಕಾಲದಲ್ಲೂ ದಾನ ಬಂತು. ರಾಜವಂಶಗಳು ಬದಲಾದವು, ಮಠ ನಡೆಯಿತು.

ಆದರೂ ದಾನದ ಮೇಲೆ ನಿಂತದ್ದಕ್ಕೆ ಅಪಾಯ ತಪ್ಪಿದ್ದಲ್ಲ. ವೆಸ್ಟ್‌ಮಿನ್‌ಸ್ಟರ್ ಮಠವನ್ನು 1540ರಲ್ಲಿ ಮುಚ್ಚಿಸಿದ್ದೂ ಒಬ್ಬ ರಾಜನೇ, 8ನೇ ಹೆನ್ರಿ. ಇಲ್ಲಿ ಕಾಳಾಮುಖರ ಪಂಥವೇ ಕಾಲಕ್ರಮೇಣ ಮರೆಯಾಯಿತು. ಬೆನೆಡಿಕ್ಟರ ನಿಯಮ ಹಿಡಿದವರು ಕುಂಬಳಗೋಡಿನವರೆಗೂ ಬಂದಿದ್ದಾರೆ. ವಾಮಶಕ್ತಿಯ ಪಾಠ ಕೇಳಿಸುವವರು ಇವತ್ತು ಯಾರೂ ಇಲ್ಲ.

ಉಳಿದಿರುವುದು ಗುಡಿ ಮತ್ತು ಕಲ್ಲು. ಜೋಗಕ್ಕೆ ಟ್ರಿಪ್ ಹಾಕಿದಾಗ ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಗೂ ಅರ್ಧ ದಿನ ಇಡಿ. ಗುಡಿ ಮುಂದೆ ಸೆಲ್ಫಿ ಆದ ಮೇಲೆ ಶಾಸನದ ಕಲ್ಲುಗಳ ಹತ್ತಿರವೂ ನಿಂತು ನೋಡಿ. ಅದು ನಮ್ಮದೇ ಭಾಷೆ. ಒಂದೆರಡು ಅಕ್ಷರ ಗುರುತು ಸಿಕ್ಕರೂ ಸಾಕು, ಓದೋಕೆ ಶುರು ಮಾಡಿದ ಹಾಗೇ.