ಡೀಸೆಲ್ ಹಾಕಿಸ್ತೀನಿ, ಗಾಡಿ ತಗೊಂಡ್ ಬಾ

ಯಗಟಿ ಸೀಮೆಯಲ್ಲಿ ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡವನ ಕಿವಿಗೆ ವಾರಕ್ಕೆರಡು ಸಲವಾದರೂ ಬೀಳುವ ಮಾತು ಇದು. ಹೇಳುವವರು ಉದಾರಿಗಳಂತೆಯೇ ಹೇಳುತ್ತಾರೆ, ಕೇಳುವ ನಾನೂ ನಾಲ್ಕು ವರ್ಷ ಅದನ್ನು ಉಪಕಾರವೆಂದೇ ತಿಳಿದಿದ್ದೆ.

2019ರಲ್ಲಿ ಕೊಬ್ಬರಿ ಮಾರಿದ ದುಡ್ಡಿಗೆ ಒಂದಿಷ್ಟು ಕೈಗಡ ಸೇರಿಸಿ, 2,60,000 ರೂಪಾಯಿಗೆ ಹಳೆಯ ಟಾಟಾ ಏಸ್ ತಂದೆ. ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. 2005ರಲ್ಲಿ ಈ ಗಾಡಿ ಮಾರುಕಟ್ಟೆಗೆ ಬಂದಮೇಲೆ ಹಳ್ಳಿಗಳಲ್ಲಿ ಆಪೆ ಆಟೊಗೂ ಲಾರಿಗೂ ನಡುವೆ ಒಂದು ಜಾಗ ಹುಟ್ಟಿತು. ತೋಟದಿಂದ ಮನೆಗೆ ಕಾಯಿ, ಕಡೂರಿನಿಂದ ಹಿಂಡಿ-ಬೂಸಾ, ಸುಗ್ಗಿಯಲ್ಲಿ ರಾಗಿ ಮೂಟೆ, ಅರಸೀಕೆರೆ ಮಾರ್ಕೆಟ್ಟಿಗೆ ಕೊಬ್ಬರಿ. ನಡುವೆ ಊರವರ ಮಂಚ, ಬೀರು, ಮದುವೆ ಪಾತ್ರೆ, ಒಮ್ಮೆ ಎಳೆಗಂದಿನ ಸಮೇತ ಒಂದು ಹಸು. ಎಲ್ಲವೂ ‘ಡೀಸೆಲ್ ಹಾಕಿಸ್ತೀನಿ’ ಲೆಕ್ಕದಲ್ಲೇ.

ಒಂದು ಮಳೆಯಿಲ್ಲದ ಮಧ್ಯಾಹ್ನ ಕೂತು ಲೆಕ್ಕ ಬರೆದೆ. ಲೋಡು ಇದ್ದಾಗ ಲೀಟರಿಗೆ 16 ಕಿ.ಮೀ. ಡೀಸೆಲ್ 91 ರೂಪಾಯಿಯ ಆಸುಪಾಸು. ಅಂದರೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ. ಇದು ಎಲ್ಲರ ಕಣ್ಣಿಗೂ ಕಾಣುವ ಖರ್ಚು, ಬಂಕಿನ ಮೀಟರಿನಲ್ಲೇ ಓಡುತ್ತದಲ್ಲ. ಕಾಣದ್ದು ಬೇರೆಯಿದೆ. ವಿಮೆಗೆ ವರ್ಷಕ್ಕೆ 22,000. ಅದರಲ್ಲಿ ಥರ್ಡ್ ಪಾರ್ಟಿಯದೇ 2022ರ ದರದಂತೆ 16,049. ಏಳೂವರೆ ಟನ್ ತೂಕದವರೆಗಿನ ಗೂಡ್ಸ್ ಗಾಡಿಗಳಿಗೆಲ್ಲ ಒಂದೇ ದರ, ನನ್ನ ಪುಟ್ಟ ಏಸ್ ದೊಡ್ಡಣ್ಣಂದಿರ ಸಮಕ್ಕೆ ಕಟ್ಟುತ್ತದೆ. ಎಫ್‌ಸಿ, ಹೊಗೆ ಪತ್ರ ಇತ್ಯಾದಿಗೆ 5,000. ಟೈರು, ಆಯಿಲ್, ಸರ್ವೀಸಿಗೆ 20,000. ಈಗ ಮಾರಿದರೆ 1,10,000 ಬಂದೀತು. ಆರು ವರ್ಷಕ್ಕೆ ಒಂದೂವರೆ ಲಕ್ಷ ಸವೆದಿದೆ, ವರ್ಷಕ್ಕೆ 25,000. ಒಟ್ಟು 72,000. ವರ್ಷಕ್ಕೆ ಓಡುವುದು 9,000 ಕಿ.ಮೀ. ಎಂದರೆ ಕಿಲೋಮೀಟರಿಗೆ 8 ರೂಪಾಯಿ. ಡೀಸೆಲ್ ಸೇರಿಸಿದರೆ 13 ರೂಪಾಯಿ 70 ಪೈಸೆ.

ಬ್ಯಾಂಕಿನಲ್ಲಿರುವ ನನ್ನ ಅಳಿಯ ಇದನ್ನು ಒಪ್ಪಲಿಲ್ಲ. “ವಿಮೆ ಹೇಗೂ ಕಟ್ಟಿದ್ದೀರಲ್ಲ ಮಾವ, ಒಂದು ಟ್ರಿಪ್ ಹೆಚ್ಚಾದರೆ ಅದೇನು ಹೆಚ್ಚುತ್ತದಾ?” ಒಂದು ಟ್ರಿಪ್ಪಿಗೆ ಅವನ ಮಾತು ಸರಿ. ಆದರೆ ಓಡಾಟದಲ್ಲಿ ಅರ್ಧ ಊರವರದೇ ಆದಾಗ ಆ ವಿಮೆಯನ್ನು ಕಟ್ಟುವವರು ಯಾರು? ಗಾಡಿ ಶೆಡ್ಡಿನಲ್ಲಿ ನಿಂತ ದಿನವೂ ವಿಮೆ, ಎಫ್‌ಸಿ, ಸವಕಳಿ ಸೇರಿ 142 ರೂಪಾಯಿ ತಿನ್ನುತ್ತದೆ. ಎತ್ತಾದರೂ ನಿಂತಲ್ಲಿ ಸಗಣಿ ಹಾಕುತ್ತಿತ್ತು.

ಊರವರನ್ನು ದೂರಿ ನಾನು ಜಾಣನಾಗುವಂತಿಲ್ಲ. ನನ್ನ ಅತಿದೊಡ್ಡ ನಷ್ಟ ನನ್ನದೇ ಆಸೆಯಿಂದ ಬಂದದ್ದು. 2023ರಲ್ಲಿ ಮಳೆ ಕೈಕೊಟ್ಟು, ಮುಂದಿನ ಬೇಸಿಗೆಗೆ ತೋಟದ ಬೋರು ಬತ್ತಿತು. ತೆಂಗಿನ ಗರಿ ಜೋತುಬಿದ್ದವು. ಮೂರು ಕಿಲೋಮೀಟರ್ ಆಚೆ ನೆಂಟರ ಬೋರಿನಲ್ಲಿ ನೀರಿತ್ತು. ಗಾಡಿಯ ಮೇಲೆ 750 ಲೀಟರಿನ ಟ್ಯಾಂಕ್ ಇಟ್ಟೆ. 750 ಲೀಟರ್ ಅಂದರೆ 750 ಕೆ.ಜಿ., ಅಲ್ಲಿಗೇ ಏಸ್ ಹೊರಬೇಕಾದ ಭಾರ ಮುಗಿಯಿತು. ಆದರೂ ಟ್ರಿಪ್ ಉಳಿಸೋಣವೆಂದು ವೆಲ್ಡಿಂಗ್ ಅಂಗಡಿಯಲ್ಲಿ ಹುಕ್ ಮಾಡಿಸಿ, ಹಿಂದೆ ಒಂದು ಟ್ರೈಲರ್ ಸಿಕ್ಕಿಸಿ, ಅದರ ಮೇಲೆ ಸಾವಿರ ಲೀಟರ್ ತುಂಬಿದೆ. ಪವರ್ ಟಿಲ್ಲರ್ ಎಳೆಯುವುದಿಲ್ಲವೇ, ಅದೂ ಹದಿಮೂರು ಎಚ್‌ಪಿಯದೇ, ಎಂಬುದು ನನ್ನ ತರ್ಕ. ಟಿಲ್ಲರಿನ ಗೇರು ನಡಿಗೆಯ ವೇಗಕ್ಕೆ ಮಾಡಿದ್ದು, ಏಸ್‌ನದು ರಸ್ತೆಯಲ್ಲಿ ಓಡಲು ಎನ್ನುವುದು ಹೊಳೆಯಲಿಲ್ಲ.

ಮೂರು ದಿನ ಎಳೆಯಿತು. ನಾಲ್ಕನೇ ದಿನ ಕೆರೆ ಏರಿಯ ಏರಿನಲ್ಲಿ ನಿಂತಿತು. ಅರ್ಧ ಕ್ಲಚ್ ಹಿಡಿದು ಹೊರಡಿಸಲು ನೋಡಿದರೆ ಹಿಂದಿನ ಟ್ಯಾಂಕಿನ ನೀರು ತುಳುಕಿ ಗಾಡಿಯನ್ನೇ ಹಿಂದಕ್ಕೆಳೆಯಿತು. ಸುಟ್ಟ ವಾಸನೆ, ಹೊಗೆ, ಆಮೇಲೆ ಪೆಡಲ್ ಒತ್ತಿದರೂ ಬಿಟ್ಟರೂ ಒಂದೇ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಹಗ್ಗ ಕಟ್ಟಿ ಎಳೆದೊಯ್ದಾಗ ಇನ್ನೊಂದು ಪಾಠವಾಯಿತು: ಎಂಜಿನ್ ಆರಿದ್ದರೆ ಬ್ರೇಕಿಗೆ ವ್ಯಾಕ್ಯೂಮ್ ಸಹಾಯ ಇರುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಎರಡು ಕಾಲೂ ಇಟ್ಟು ತುಳಿದೆ.

ಕ್ಲಚ್ ಸೆಟ್, ಕೂಲಿ ಸೇರಿ 9,400. ಒಂದು ಟ್ರಿಪ್ ಉಳಿಸಿದರೆ ಆರು ಕಿಲೋಮೀಟರಿಗೆ ಮಿಗುತ್ತಿದ್ದುದು 82 ರೂಪಾಯಿ. ಆ ದುಡ್ಡಿಗೆ ನೂರಾ ಹದಿನಾಲ್ಕು ಟ್ರಿಪ್ ಹೊಡೆಯಬಹುದಿತ್ತು. ಅಷ್ಟು ನೀರು ಆ ಬೋರಿನಲ್ಲೂ ಇರಲಿಲ್ಲ. ಅಜ್ಜಂಪುರದ ಅಮೃತಮಹಲ್ ಎತ್ತುಗಳು ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದವಂತೆ. ನನ್ನದು ಆ ತಳಿಯದಲ್ಲ.

ವಿಮೆ ಏಜೆಂಟರ ಮಾತು ಕೇಳಿದಮೇಲೆ ಇನ್ನೂ ಬೆವರಿದೆ. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರೂ ‘ಮೋಟಾರು ವಾಹನ’ವೇ. ಅದಕ್ಕೆ ನೋಂದಣಿ ಬೇಕು, ಪಾಲಿಸಿಯಲ್ಲಿ ಅದರ ಹೆಸರಿರಬೇಕು. ಏರಿಯ ಮೇಲೆ ಹುಕ್ ಕಳಚಿ ಯಾರಿಗಾದರೂ ತಾಗಿದ್ದರೆ ಅರ್ಧ ತೋಟ ಹೋಗುತ್ತಿತ್ತು. ಜನ ಹತ್ತಿಸುವುದೂ ಹಾಗೇ. ಸರಕಿನ ಒಡೆಯನೋ ಅವನ ಕಡೆಯವನೋ ಜೊತೆಗೆ ಕೂತರೆ ವಿಮೆಯ ರಕ್ಷಣೆಯುಂಟು. ಜಾತ್ರೆಗೆಂದು ಹಿಂದೆ ಹತ್ತಿದ ಹದಿನೈದು ಜನಕ್ಕಿಲ್ಲ. ಅಂತರಘಟ್ಟೆ ದುರ್ಗಾಂಬಾ ಜಾತ್ರೆಗೆ ಪಾನಕದ ಗಾಡಿ ಹೊಡೆದುಕೊಂಡು ಹೋದವರ ಮೊಮ್ಮಕ್ಕಳು ಈಗ ನನ್ನ ಏಸ್ ಕೇಳುತ್ತಾರೆ. ಬಸ್ಸಿಗೆ ಚಾರ್ಜು ಕೊಡುತ್ತೇನೆ, ಗಾಡಿ ಕೊಡುವುದಿಲ್ಲ. ಇದರಿಂದ ಎರಡು ಮನೆಯವರು ಮಾತು ಬಿಟ್ಟಿದ್ದಾರೆ.

ಟ್ರೈಲರ್ ಮಾರಿದೆ, ಹುಕ್ ಹಾಗೇ ಇದೆ. ಮೊನ್ನೆ ಕಡೂರು ರಸ್ತೆಯಲ್ಲಿ ಕೆಟ್ಟು ನಿಂತ ಕಾರೊಂದನ್ನು ಗ್ಯಾರೇಜಿನವರೆಗೆ ಎಳೆಯಬೇಕಾಯಿತು. ಕೆಟ್ಟ ವಾಹನವನ್ನು ಹತ್ತಿರದ ಗ್ಯಾರೇಜಿಗೆ ಎಳೆಯಲು ಕಾನೂನಿನ ಅಡ್ಡಿಯಿಲ್ಲ; ನಡುವಿನ ಅಂತರ ಐದು ಮೀಟರ್ ಮೀರಬಾರದು, ವೇಗ ಇಪ್ಪತ್ತರ ಮೇಲೆ ಹೋಗದಂತೆ ನಾನೇ ನೋಡಿಕೊಂಡೆ. ಸಪಾಟು ರಸ್ತೆ, ಏಸ್ ಗೊಣಗದೆ ಎಳೆಯಿತು. ಇಳಿದಮೇಲೆ ಕಾರಿನವರು ಕೇಳಿದರು, “ಎಷ್ಟು ಡೀಸೆಲ್ ಹಾಕಿಸಲಿ?”

“ಡೀಸೆಲ್ ಬೇಡ. ಹೋಗಿ ಬರುವುದು ಹನ್ನೆರಡು ಕಿಲೋಮೀಟರ್, ಹದಿನಾಲ್ಕರಂತೆ 168 ಕೊಡಿ” ಎಂದೆ. ಅವರು ನನ್ನ ಮುಖ ನೋಡಿ, ಫೋನ್ ತೆಗೆದು 170 ಕಳಿಸಿದರು.