ನಿಮ್ಮ ಹೆಸರಿನ ಕೋಡ್ ನಿಮಗೆ ಅರ್ಥವಾಗಿರಲಿ

ಮಕ್ಕಳೇ, ಎಐ ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಬಂತು, ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ. ನಿಮ್ಮಲ್ಲಿ ಅನೇಕರು ಪ್ರೋಗ್ರಾಮಿಂಗ್‌ನ ಮೊದಲ ಪಾಠಕ್ಕೆ ಕೂರುವ ಹೊತ್ತಿಗೇ ಅವು ಕೈಗೆ ಸಿಕ್ಕಿದ್ದವು. ನಾಳೆ ನೀವು ಕೆಲಸಕ್ಕೆ ಸೇರುವ ಕಡೆಯೂ ಇರುತ್ತವೆ. ನನ್ನ ಚಿಂತೆ ಬೇರೆ. ಕೊನೆಯ ವರ್ಷದ ಪ್ರಾಜೆಕ್ಟ್ ವೈವಾಗೆ ಪರೀಕ್ಷಕನಾಗಿ ಹೋದಾಗಲೆಲ್ಲ ನೋಡುತ್ತೇನೆ: ಪರದೆಯ ಮೇಲಿನ ಕೆಲಸ ವರ್ಷದಿಂದ ವರ್ಷಕ್ಕೆ ಚೆಂದವಾಗುತ್ತಿದೆ, ಅದನ್ನು ತೋರಿಸುವವರ ಉತ್ತರ ಮಾತ್ರ ಸೊರಗುತ್ತಿದೆ.

ಒಂದು ತಂಡ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಮಾಡಿತ್ತು. ನಾಲ್ವರೂ ಚುರುಕು ಹುಡುಗರು. ಲಾಗಿನ್ ಪುಟದ ಕೋಡ್ ತೆರೆಸಿ ನೋಡಿದೆ. ಬಳಕೆದಾರ ಏನು ಟೈಪ್ ಮಾಡಿದರೂ ಅದನ್ನು ಹಾಗೆಯೇ ಎಸ್‌ಕ್ಯೂಎಲ್ ಕ್ವೆರಿಗೆ ಅಂಟಿಸಿ ಡೇಟಾಬೇಸ್‌ಗೆ ಕಳಿಸುತ್ತಿತ್ತು. ಪಾಸ್‌ವರ್ಡ್ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ‘ಅಥವಾ ಒಂದು ಒಂದಕ್ಕೆ ಸಮ’ ಎಂಬ ಅರ್ಥದ ಷರತ್ತು ಬರೆದೆ. ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋದೆ. ಯಾಕೆ ಹೀಗಾಯಿತು ಎಂದು ಕೇಳಿದರೆ ಒಬ್ಬ, “ಸರ್, ಆ ಮಾಡ್ಯೂಲ್ ಇವನದು” ಎಂದ. ಇವನು, “ಎಐ ಕೊಟ್ಟಿದ್ದು ಸರ್, ರನ್ ಆಯ್ತು, ಹಾಗೇ ಬಿಟ್ಟೆ” ಎಂದ. ತೊಂಬತ್ತರ ದಶಕದ ಕೊನೆಯಿಂದಲೂ ಎಲ್ಲರಿಗೂ ಗೊತ್ತಿರುವ ದೋಷ ಅದು. ಬಳಕೆದಾರನ ಮಾತನ್ನು ಕ್ವೆರಿಗೆ ಬೆರೆಸದೆ ಪ್ಯಾರಾಮೀಟರ್ ಆಗಿ ಬೇರೆಯಾಗಿ ಕಳಿಸಿದ್ದರೆ ಮುಗಿದಿತ್ತು. ಒಂದೆರಡು ಸಾಲಿನ ಕೆಲಸ. ನಾಲ್ವರಲ್ಲಿ ಇನ್ನೊಬ್ಬ ಓದಿದ್ದರೂ ಸಾಕಿತ್ತು. ಯಾರೂ ಓದಿರಲಿಲ್ಲ ಎನ್ನುವುದೇ ನನಗೆ ಹೆಚ್ಚು ನೋವು ಕೊಟ್ಟಿದ್ದು.

ನಮ್ಮ ಕಾಲದ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರಿಗೆ ಮೂವರು. ಟರ್ಬೊ ಸಿಯ ನೀಲಿ ಪರದೆ. ಒಬ್ಬ ಟೈಪ್ ಮಾಡಿದರೆ ಇಬ್ಬರು ಹಿಂದೆ ನಿಂತು ನೋಡಬೇಕು. ಅದು ಬಡತನವೇ, ವೈಭವೀಕರಿಸುವ ಆಸೆ ನನಗಿಲ್ಲ. ಆದರೆ ಲೂಪ್ ಒಂದು ಸುತ್ತು ಹೆಚ್ಚು ತಿರುಗುತ್ತಿದೆ ಎಂದು ಕಂಡುಹಿಡಿಯುತ್ತಿದ್ದವನು ಹೆಚ್ಚಾಗಿ ಹಿಂದೆ ನಿಂತವನು. “ತಡಿ, ಅಲ್ಲಿ ಸಮ ಚಿಹ್ನೆ ಯಾಕೆ?” ಎಂದು ಅವನು ಕೇಳುತ್ತಿದ್ದ. ಟೈಪ್ ಮಾಡುವವನು ಕಾರಣ ಹೇಳಲೇಬೇಕಿತ್ತು. 1999ರಲ್ಲಿ ಕೆಂಟ್ ಬೆಕ್ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಕುರಿತ ತಮ್ಮ ಪುಸ್ತಕದಲ್ಲಿ, ಇಬ್ಬರು ಒಂದೇ ಯಂತ್ರದ ಮುಂದೆ ಕೂತು ಬರೆಯುವುದನ್ನು ಒಂದು ಪದ್ಧತಿಯಾಗಿಯೇ ಮುಂದಿಟ್ಟರು. ನಮಗೆ ಅನಿವಾರ್ಯವಾಗಿದ್ದದ್ದನ್ನು ಬಲ್ಲವರು ಬೇಕೆಂದೇ ಆರಿಸಿಕೊಂಡರು.

ಈಗ ತಂಡ ಎಂದರೆ ವಾಟ್ಸ್‌ಆ್ಯಪ್ ಗುಂಪು. ಕೆಲಸ ನಾಲ್ಕು ಪಾಲು, ನಾಲ್ಕು ರೂಮು, ನಾಲ್ಕು ಎಐ ಖಾತೆ. ಸಬ್‌ಮಿಷನ್ ಹಿಂದಿನ ರಾತ್ರಿ ಎಲ್ಲ ಸೇರಿಸಿ ಒಂದೇ ಕಮಿಟ್. ಸಾವಿರಾರು ಜನ ಒಟ್ಟಿಗೆ ಲಿನಕ್ಸ್ ಕರ್ನಲ್ ಬರೆಯಲು ಅನುಕೂಲವಾಗಲೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಕಟ್ಟಿದ ಗಿಟ್ ಅನ್ನು ನೀವು ಫೈಲ್ ಇಡುವ ಚೀಲದಂತೆ ಬಳಸುತ್ತಿದ್ದೀರಿ. ದಯವಿಟ್ಟು ಚಿಕ್ಕ ಚಿಕ್ಕ ಕಮಿಟ್ ಮಾಡಿ, ಏನು ಬದಲಿಸಿದಿರಿ, ಯಾಕೆ ಬದಲಿಸಿದಿರಿ ಎಂದು ಬರೆಯಿರಿ. ಗೆಳೆಯ ಓದಿ ಪ್ರಶ್ನೆ ಕೇಳುವವರೆಗೆ ಮರ್ಜ್ ಮಾಡಬೇಡಿ. ಎಐ ಬರೆದ ಸಾಲನ್ನು ವಿವರಿಸಲು ಆಗದಿದ್ದರೆ ಅದನ್ನು ಸೇರಿಸಬೇಡಿ. ಪ್ರಾಜೆಕ್ಟ್ ಸ್ವಲ್ಪ ಚಿಕ್ಕದಾದರೆ ಆಗಲಿ.

“ಎಐ ಇದ್ದರೆ ಬೇಗ ಆಗುತ್ತೆ ಸರ್” ಎನ್ನುತ್ತೀರಿ. 2025ರಲ್ಲಿ ಮೆಟರ್ ಎಂಬ ಸಂಶೋಧನಾ ಸಂಸ್ಥೆ, ಓಪನ್ ಸೋರ್ಸ್‌ನಲ್ಲಿ ಪಳಗಿದ 16 ಡೆವಲಪರ್‌ಗಳಿಂದ ಅವರಿಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲೇ ಕೆಲಸ ಮಾಡಿಸಿ ನೋಡಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು ತಮಗೆ ಶೇ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. ಚಿಕ್ಕ ಅಧ್ಯಯನ, ಉಪಕರಣಗಳೂ ಬದಲಾಗುತ್ತಿವೆ, ನಿಜ. ಆದರೂ ಅಷ್ಟು ಪಳಗಿದವರಿಗೇ ತಮ್ಮ ವೇಗದ ಅಂದಾಜು ತಪ್ಪಿತು. ನಿನ್ನೆ ಮೊನ್ನೆ ಕಲಿಯಲು ಶುರು ಮಾಡಿದವರು ತಾವು ಎಷ್ಟು ಕಲಿತೆವು ಎನ್ನುವ ತಮ್ಮ ಅಂದಾಜನ್ನು ಸುಲಭಕ್ಕೆ ನಂಬಬಾರದು.

ಹಾಗಾಗಿ ಮೊದಲು ಹಾಳೆಯ ಮೇಲೆ ನೀವೇ ಬರೆಯಿರಿ. ಸಿಕ್ಕಿಬಿದ್ದಾಗ ಉತ್ತರ ಕೇಳಬೇಡಿ, ಸುಳಿವು ಕೇಳಿ. ಎರರ್ ಬಂದರೆ ಪೂರ್ತಿ ಓದಿ, ಕಾರಣ ಏನಿರಬಹುದು ಎಂದು ಊಹಿಸಿ, ಆಮೇಲೆ ಎಐ ಮುಂದಿಡಿ. ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಲು ಅದಕ್ಕೆ ಹೇಳಿ, ಟೆಸ್ಟ್‌ಗಳನ್ನು ಮಾತ್ರ ನೀವೇ ಯೋಚಿಸಿ ಬರೆಯಿರಿ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಒಂದು ಮಾತು. ಇಂಗ್ಲಿಷಿಗೆ ಹೆದರಿ ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂತು, ಡೌಟು ಹಾಗೇ ಉಳಿಸಿಕೊಂಡು ಪದವಿ ಮುಗಿಸಿದವರನ್ನು ನಾನು ಬಹಳ ನೋಡಿದ್ದೇನೆ. ಪಾಯಿಂಟರ್ ಎಂದರೇನು ಎಂದು ನೀವು ಇಂದು ನಡುರಾತ್ರಿ ಕನ್ನಡದಲ್ಲೇ ಕೇಳಬಹುದು, ಹತ್ತು ಸಲ ಕೇಳಿದರೂ ಗದರುವವರಿಲ್ಲ. ಇದು ದೊಡ್ಡ ಭಾಗ್ಯ, ಬಿಡಬೇಡಿ. ಉತ್ತರ ಸರಿಯೇ ಎಂದು ಚಿಕ್ಕ ಪ್ರೋಗ್ರಾಂ ಬರೆದು ನೋಡಿ, ಬೆಳಿಗ್ಗೆ ಪಕ್ಕದವನಿಗೂ ಹೇಳಿಕೊಡಿ. ಅದೇ ಡೌಟು ಅವನಿಗೂ ಇದ್ದೀತು.

ಈ ಸೆಮಿಸ್ಟರ್‌ನಲ್ಲಿ ವಾರಕ್ಕೊಂದು ಸಂಜೆ ನಾಲ್ವರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕೂತುಕೊಳ್ಳಿ. ಪ್ರತಿಯೊಬ್ಬರೂ ತಾವು ಬರೆಯದ ಭಾಗವನ್ನು ಉಳಿದವರಿಗೆ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದಲೇ ಮುಂದಿನ ವಾರದ ಕೆಲಸ ಶುರು ಮಾಡಿ.